ಬಿಳಿ ಟ್ರಫಲ್ ಅಂತ 14 ಸಾವಿರ ಕೊಟ್ಟೆ, ಬಂದಿದ್ದು ಬ್ಯಾರೇನ. ನೀವ್ಯಾರೂ ಬೀಳಬ್ಯಾಡ್ರಿ

ಬರಿಬೇಕೋ ಬ್ಯಾಡೋ ಅಂತ ಎಂಟು ದಿನ ವಿಚಾರ ಮಾಡೀನಿ. ನಮ್ಮ ಮನಿಯಾಕಿ "ಯಾಕ್ರೀ ಊರಿಗೆಲ್ಲಾ ಹೇಳಿ ಮರ್ಯಾದಿ ಕಳ್ಕೋತೀರಿ" ಅಂದ್ಲು. ಆದ್ರ ನನಗ ಈ ಟ್ರಫಲ್ (ನೆಲದೊಳಗ ಬೆಳಿಯೋ, ವಾಸನಿಗೆ ಹೆಸರಾದ ತುಟ್ಟಿ ಅಣಬಿ) ಮಾರಿದ ಮನಷ್ಯಾ ಮೊನ್ನೆ ಮತ್ತ "ಬೆಳಗಾವಿ, ಹುಬ್ಬಳ್ಳಿ ಡೆಲಿವರಿ ಅವೈಲೇಬಲ್" ಅಂತ ಸ್ಟೇಟಸ್ ಹಾಕ್ಯಾನ. ಅದನ್ನ ನೋಡಿ ನಿದ್ದಿ ಬರ್ಲಿಲ್ಲ, ಅದಕ್ಕ ಬರ್ಯಾಕತ್ತೀನಿ.

ನನ್ನ ತಮ್ಮ ಪುಣೆದಾಗ ಕಂಪನಿ ಕೆಲಸಕ್ಕಿದ್ದಾನ. ಒಮ್ಮೆ ಟ್ರೇನಿಂಗ್ ಅಂತ ಇಟಲಿಯ ಟೂರಿನ್‌ಗೆ ಕಳಿಸಿದ್ರು, ಅಲ್ಲಿಂದ ಹತ್ರನ ಬಿಳಿ ಟ್ರಫಲ್‌ಗೆ ಹೆಸರಾದ ಆಲ್ಬಾ ಅಂತ ಊರು, ಅಲ್ಲಿ ಶ್ಯಾವಿಗಿಯಂಥ ಸಣ್ಣ ತತ್ತಿ ಪಾಸ್ತಾ, ತಯಾರಿನ್ ಅಂತಾರ, ಅದರ ಮ್ಯಾಲೆ ಬಿಳಿ ಟ್ರಫಲ್ ಹೆರದು ಹಾಕಿ ಕೊಟ್ಟಿದ್ರಂತ. ಆವಾಗಿಂದ ಮನಿಗೆ ಬಂದಾಗೆಲ್ಲಾ ಅದರದ್ದ ಸುದ್ದಿ. ಇವನ 25ನೇ ಮದುವಿ ವಾರ್ಷಿಕೋತ್ಸವ ಫೆಬ್ರವರಿ ಕೊನಿಗಿತ್ತು, ಟಿಳಕವಾಡಿ ನಮ್ಮ ಮನ್ಯಾಗ ಊಟ, 12 ಮಂದಿ. ಸರ್ಪ್ರೈಸ್ ಕೊಡೂಣು ಅನ್ನಿಸ್ತು. ಹುಚ್ಚು ಅನ್ರಿ ಏನ್ ಬೇಕಾದ್ದನ್ರಿ.

ಇನ್‌ಸ್ಟಾದಾಗ ಒಬ್ಬ ಬೆಂಗಳೂರಿನವ ಸಿಕ್ಕ, ಇಂಪೋರ್ಟೆಡ್ ಐಟಂ ಮಾರ್ತಾನ. ಗ್ರಾಮಿಗೆ 350 ರೂಪಾಯಿ, 40 ಗ್ರಾಂ, 14,000. ಪೂರಾ ಅಡ್ವಾನ್ಸ್. ಇಟಲ್ಯಾಗನ ಕಿಲೋಕ್ಕ ಸಾವಿರಗಟ್ಟಲೆ ಯೂರೋ ಇರ್ತೈತಿ ಅಂತ ಓದಿದ್ದೆ, ಹಿಂಗಾಗಿ ರೇಟ್ ಕೇಳಿ ಸಂಶಯಾನೂ ಬರ್ಲಿಲ್ಲ. ಗುರುವಾರ ಮುಂಜಾನೆ ರಾತ್ರಿ ಬಸ್ಸಿನ ಪಾರ್ಸಲ್‌ದಾಗ ಬಂತು. ಥರ್ಮಾಕೋಲ್ ಡಬ್ಬಿ, ಒಳಗ ಐಸ್ ಪ್ಯಾಕ್, ಗಾಜಿನ ಸಣ್ಣ ಜಾರ್, ಟಿಶ್ಯೂ ಪೇಪರಿನಾಗ ಸುತ್ತಿದ್ದ ಎರಡು ಗಡ್ಡಿ. ಮುಚ್ಚಳ ತಗದ್ನಿಲ್ಲೋ, ಏನ್ ವಾಸನಿ ರೀ! ಬಳ್ಳೊಳ್ಳಿ, ಹಳೆ ಚೀಸ್, ಗ್ಯಾಸ್ ಸೋರಿದಂಗ. ಮನಿಯಾಕಿ ಖರೇನ ಓಡಿ ಹೋಗಿ ಸಿಲಿಂಡರ್ ಬಂದ್ ಮಾಡಿದ್ಲು. ನಾ ಎದಿ ಉಬ್ಬಿಸಿ "ಇದ ನೋಡ ಅಸಲಿ" ಅಂದೆ. ಅಂದೆ!

ಆಂವ ಮೆಸೇಜ್ ಹಾಕಿದ್ದ, "ಸಂಡೇ ತನಕ ಜಾರ್ ಓಪನ್ ಮಾಡ್ಬೇಡಿ ಸರ್, ಅರೋಮಾ ಹೋಗ್ಬಿಡುತ್ತೆ." ಆದ್ರ ನನ್ನ ಮಗಳು ಓದಿ ಹೇಳಿದ್ಲು, ಅಪ್ಪಾ, ಟ್ರಫಲ್ ನೀರು ಬಿಡ್ತೈತಿ, ದಿನಾ ಪೇಪರ್ ಬದಲ್ ಮಾಡ್ಬೇಕಂತ, ಇಲ್ಲಾಂದ್ರ ಬೂಷ್ಟ್ ಬರ್ತೈತಿ, ಫ್ರಿಜ್ಜಿನಾಗ ಇಟ್ರೂ ಒಂದು ವಾರದೊಳಗ ತಿಂದು ಮುಗಿಸ್ಬೇಕು. ಶುಕ್ರವಾರ ಮುಂಜಾನೆ ಪೇಪರ್ ಬದಲಿಸಿದೆ, ಹಳೇದು ಕಸದ ಡಬ್ಬಿಗೆ ಒಗದೆ. ಸಂಜಿಗೆ ಮುಚ್ಚಳ ತಗದ್ರ ಏನೂ ಇಲ್ಲ. ಮೂಗು ಜಾರಿನೊಳಗ ತುರಕಿದೆ, ಒಂಚೂರು ಹಸಿ ಮಣ್ಣಿನ ವಾಸನಿ, ಅಷ್ಟ.

ಶನಿವಾರ ಮುಂಜಾನೆ ಮನಿಯಾಕಿ, "ರೀ, ಗ್ಯಾಸ್ ವಾಸನಿ ಕಸದ ಡಬ್ಬ್ಯಾಗಿಂದ ಬರಾಕತ್ತೈತಿ."

ಕೈ ಹಾಕಿ ಆ ಟಿಶ್ಯೂ ತಗದೆ. ಟ್ಯೂಬ್‌ಲೈಟಿಗೆ ಹಿಡದು ನೋಡಿದ್ರ, ಮಿರ್ಚಿ ಭಜಿ ಕಟ್ಟಿಕೊಟ್ಟ ಪೇಪರ್ ಇರ್ತೈತಲ್ರಿ, ಹಂಗ ನಡುವ ಎಣ್ಣಿ ಕಲಿ, ಆ ಕಡೆ ಬೆಳಕು ಕಾಣ್ಸಾಕತ್ತಿತ್ತು. ಪೇಪರಿಗೆ ಟ್ರಫಲ್ ಎಣ್ಣಿ ಹಚ್ಚಿದ್ದ! ಗಡ್ಡಿಗೆ ವಾಸನಿನ ಇಲ್ಲ, ಪೇಪರಿಗೆ ಐತಿ. ಮತ್ತ ಆ ಎಣ್ಣಿದೂ ಒಂದು ಕಥಿ, ಬಹಳಷ್ಟು ಬಾಟ್ಲ್ಯಾಗ ಟ್ರಫಲ್ಲೇ ಇರಂಗಿಲ್ಲ, 2,4-ಡೈಥಯಾಪೆಂಟೇನ್ ಅಂತ ಲ್ಯಾಬಿನಾಗ ಮಾಡಿದ್ದು ಎರಡು ಹನಿ ಬಿಟ್ಟಿರ್ತಾರ. ಮಾರ್ಕೆಟ್ಟಿನಾಗ ಹತ್ತು ರೂಪಾಯಿ ಕೊತ್ತಂಬರಿ ಸಿವುಡು ಮೂಸಿ, ಚಿವುಟಿ, ಚೌಕಾಶಿ ಮಾಡಿ ತಗೊಳ್ಳಾವ ನಾನು. 14 ಸಾವಿರಕ್ಕ ಪೇಪರ್ ಮೂಸಿದೆ.

ಫೋನ್ ಮಾಡ್ದೆ. "ಸರ್ ನ್ಯಾಚುರಲ್ ಪ್ರಾಡಕ್ಟ್ ಇದು, ಒಂದೊಂದ್ ಪೀಸ್ ಒಂದೊಂದ್ ಥರ ಇರುತ್ತೆ. ಓಪನ್ ಮಾಡ್ಬೇಡಿ ಅಂತ ಹೇಳಿದ್ವಲ್ಲ? ಅಕ್ಕಿ ಒಳಗೆ ಹೂತಿಡಿ, ನಾಳೆ ಅರೋಮಾ ವಾಪಸ್ ಬರುತ್ತೆ." ಅಕ್ಕಿ ಅದರಾಗಿನ ನೀರು ಎಳ್ಕೊಂಡು ಒಣಗಿಸಿ ಬಿಡ್ತೈತಿ, ಇದೂ ಮಗಳ ಹೇಳಿದ್ದು. ಎಣ್ಣಿ ಕಲಿ ಫೋಟೋ ಕಳಿಸಿದೆ, ನೀಲಿ ಟಿಕ್ ಬಂತು, ಉತ್ತರ ಇಲ್ಲ.

ಆವಾಗ ತಮ್ಮಗ ಹೇಳಿಬಿಡಬೇಕಿತ್ತು. ಹೇಳ್ಲಿಲ್ಲ. ಹೆರದ ಮ್ಯಾಲೆ ವಾಸನಿ ಬರಬಹುದು ಅಂತ ಒಂದು ಆಸೆ. ಭಾನುವಾರ ರಾತ್ರಿ ಬೆಣ್ಣಿ ಹಾಕಿದ ಬಿಸಿ ಪಾಸ್ತಾ ಎಲ್ಲಾರಿಗೂ ಬಡಿಸಿ (ಬಿಳಿ ಟ್ರಫಲ್ ಬೇಯಸ್ಬಾರದು, ಮ್ಯಾಲೆ ಹಸೀದ ಹೆರೀಬೇಕು, ಬಿಸಿ ಊಟದ ಹಬಿಗೇ ವಾಸನಿ ಏಳ್ತೈತಿ) ಬಟಾಟಿ ಚಿಪ್ಸ್ ಹೆರ್ಯೋದು ತಮ್ಮನ ಕೈಗೆ ಕೊಟ್ಟೆ. ಒಂದು ಹೋಳು ಹೆರದ. ನೋಡಿದ. ಒಳಗ ಪೂರಾ ಬೆಳ್ಳಗ, ಹಸಿ ಬಟಾಟಿಗತೆ. ಅಸಲಿದಕ್ಕ ಒಳಗ ಕಂದು ಬಣ್ಣ, ಅದರಾಗ ಸಣ್ಣ ಬಿಳಿ ಎಳಿ ಸಂಗಮರಮರಿ ಕಲ್ಲಿನಂಗ ಹರದಾಡಿರ್ತಾವಂತ. ಆಂವ ಸುಮ್ಮನ ಹೆರ್ಕೋತ ಹ್ವಾದ, "ಚಲೋ ಐತಿ ಅಣ್ಣಾ" ಅಂದ. ಅಷ್ಟರಾಗ ನಮ್ಮ ಅತ್ತೀಗೆ ಹಲ್ಲಿನಾಗ ಕರ್ ಅಂತ ಮರಳು ಸಿಕ್ತು. ಆ "ಚಲೋ ಐತಿ ಅಣ್ಣಾ" ಅಂದಿದ್ದೈತಲ್ರಿ, ಬೈದಿದ್ರ ಪರವಾಗಿದ್ದಿಲ್ಲ.

ಮರುದಿನ ಚಹಾ ಕುಡಿವಾಗ ಹೇಳಿದ, ಅಣ್ಣಾ, ಅದರ ಸೀಸನ್ ಅಕ್ಟೋಬರ್‌ದಿಂದ ಡಿಸೆಂಬರ್, ಬಹಳಾದ್ರ ಜನವರಿ. ಫೆಬ್ರವರಿ ಕೊನಿಗೆ ಫ್ರೆಶ್ ಎಲ್ಲಿಂದ ಬರಬೇಕು? ಬಿಯಾಂಕೆಟ್ಟೊ ಅಂತ ಸೋವಿದೊಂದು ಆ ಟೈಮಿಗೆ ಬರ್ತೈತಿ, ಅದನ್ನರ ಕೊಟ್ಟಿದ್ರ ಸಮಾಧಾನ ಇತ್ತು.

ಹಂಗಾರ ಇದೇನು? ನಮ್ಮ ಓಣ್ಯಾಗ ಕುವೈತಿನಾಗ 20 ವರ್ಷ ಗಾಡಿ ಹೊಡದು ಬಂದ ಚಾಚಾ ಒಬ್ರದಾರ, ಉಳಿದ ಗಡ್ಡಿ ಕೈಯಾಗ ಹಿಡದು ನಕ್ಕರು. "ಏ ತಮ್ಮಾ, ಇದು ಫಗಾ ಅಲ್ಲೇನೋ, ಮರಳುಗಾಡಿನ ಟ್ರಫಲ್! ಥಂಡ್ಯಾಗ ಮಳಿ ಆದ್ರ ಮರಳಾಗ ಏಳ್ತಾವು, ಗುಡುಗಿದ್ರ ಇನ್ನೂ ಬಾಳ ಏಳ್ತಾವ ಅಂತಾರ. ಅಲ್ಲಿ ಬುಟ್ಟ್ಯಾಗಿಟ್ಟು ಕಿಲೋ ಲೆಕ್ಕ ಮಾರ್ತಾರ, ಐದು ಸಲ ತೊಳದು ಮಟನ್ ಜೋಡಿ ಬೇಯಿಸ್ತಾರ."

ಮತ್ತ ಮೆಸೇಜ್ ಹಾಕಿದೆ, ಈ ಸಲ ಉತ್ತರ ಬಂತು. "ಸರ್ ಬಿಲ್ ನೋಡಿ, ವೈಟ್ ಟ್ರಫಲ್ ಅಂತ ಇದೆ. ಆಲ್ಬಾ ಅಂತ ನಾವೆಲ್ಲೂ ಬರೆದಿಲ್ಲ. ಇದು ವೈಟ್ ಇದೆ ಅಲ್ವಾ?" ಹೌದ್ರಿ, ಬೆಳ್ಳಗೈತಿ! ರೊಕ್ಕ ವಾಪಸ್ ಕೊಡು ಅಂದೆ. "ನೀವು ಮುಂಚೆ ಒರಿಜಿನಲ್ ತಿಂದಿದೀರಾ ಸರ್?" ಅಂದ.

ಇಲ್ಲ. ತಿಂದಿಲ್ಲ. ಅದಕ್ಕ ನನಗ ಮಾರಿದ್ದು. ಇದನ್ನ ಟೈಪ್ ಮಾಡುವಾಗನೂ ಕೈ ನಡಗಾಕತ್ತಾವು. ಅದಾದ ಮ್ಯಾಲೆ ಬ್ಲಾಕ್.

ಸೈಬರ್ ಕ್ರೈಂ 1930ಕ್ಕ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟೀನಿ, ನೋಡೂಣು. ತಗೊಳ್ಳೋರು ಇದ್ರ ಬಿಲ್ಲಿನಾಗ ಟ್ಯೂಬರ್ ಮ್ಯಾಗ್ನೇಟಮ್ ಅಂತ ಅಸಲಿ ಬಿಳಿ ಟ್ರಫಲ್‌ನ ಶಾಸ್ತ್ರೀಯ ಹೆಸರು ಬರಸ್ಕೊಳ್ರಿ, ಬರೇ "ವೈಟ್" ಅಂದ್ರ ಬಿಡ್ರಿ. ಕೊಯ್ದ ಫೋಟೋ ಕೇಳ್ರಿ. ಪೇಪರ್ ಬಿಚ್ಚಿ ಗಡ್ಡಿ ಒಂದ ಬ್ಯಾರೆ ಬಟ್ಟಲದಾಗ ಅರ್ಧಾ ತಾಸು ಮುಚ್ಚಿಟ್ಟು ಆಮ್ಯಾಲೆ ಮೂಸ್ರಿ. ಪೂರಾ ಅಡ್ವಾನ್ಸ್ ಅಂದಾವಗ ನಮಸ್ಕಾರ ಹೇಳ್ರಿ.

ಉಳಿದ ಗಡ್ಡಿ ಚಾಚಾನ ಒಯ್ದು ಉಳ್ಳಾಗಡ್ಡಿ ಮಸಾಲಿ ಹಾಕಿ ಮಾಡಿ ಕಳಿಸಿದ್ರು, ರೊಟ್ಟಿ ಜೋಡಿ ತಿಂದ್ವಿ. ಖರೇ ಹೇಳ್ಬೇಕಂದ್ರ ರುಚಿ ಇತ್ತು, ಅದೂ ಸಿಟ್ಟಿಗೇಳಿಸ್ತು. ಜಾರಿನಾಗ ಮನಿಯಾಕಿ ಲಿಂಬಿಕಾಯಿ ಉಪ್ಪಿನಕಾಯಿ ಹಾಕ್ತೀನಿ ಅಂದ್ಲು, ಕಸದ ಡಬ್ಬಿ ಮಾತ್ರ ನಾಕು ಸಲ ತಿಕ್ಕಿ ತೊಳದ್ರೂ ಆ ಗ್ಯಾಸ್ ವಾಸನಿ ಹೋಗವಲ್ದು.