ಮಂಡಿ ಲೆಕ್ಕಕ್ಕೆ ಓಪನ್‌ಪೈಎಕ್ಸೆಲ್: ಒಂದು ಸೀಸನ್ ಬಳಸಿದ ಮೇಲೆ

ಕೋಲಾರದ ಎಪಿಎಂಸಿಯಲ್ಲಿ ನಮ್ಮ ಮಾವನ ಟೊಮೆಟೊ ಮಂಡಿ ಇದೆ. ಲೆಕ್ಕ ಬರೆಯುವವನು ನಾನು. ಜೂನ್, ಜುಲೈ ಬಂತೆಂದರೆ ಹರಾಜು ಮುಗಿಯುವ ಹೊತ್ತಿಗೆ ಎಕ್ಸೆಲ್‌ನಲ್ಲಿ ಇನ್ನೂರು ಮುನ್ನೂರು ಸಾಲು ಕೂತಿರುತ್ತವೆ. ರೈತರ ಹೆಸರು, ಊರು, 15 ಕೆಜಿ ಬಾಕ್ಸ್ ಎಷ್ಟು, ರೇಟ್ ಎಷ್ಟು, ಮೊದಲೇ ತಗೊಂಡ ದುಡ್ಡು ಎಷ್ಟು. ಅದನ್ನೆಲ್ಲ ಒಬ್ಬೊಬ್ಬರಿಗೂ ಒಂದೊಂದು ಚೀಟಿ ಮಾಡಿ ಕೊಡಬೇಕು. ಕಾಪಿ, ಪೇಸ್ಟ್, ಪ್ರಿಂಟ್. ಮಧ್ಯಾಹ್ನ ಊಟ ಮೂರು ಗಂಟೆಗೆ.

ಈ ಸಲ ಆ ಕೆಲಸವನ್ನು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಗೆ ಹಚ್ಚಿದೆ. ಅದಕ್ಕೆ ಬೇಕಾದ ಮಾಡ್ಯೂಲ್, ಅಂದರೆ ಪೈಥಾನ್‌ಗೆ ಸೇರಿಸಿಕೊಳ್ಳುವ ರೆಡಿ ಕೋಡು, ಓಪನ್‌ಪೈಎಕ್ಸೆಲ್ (openpyxl). ಎಕ್ಸೆಲ್ ಫೈಲುಗಳನ್ನು ಓದಿ ಬರೆಯುವುದು ಇದರ ಕೆಲಸ. ಪುಕ್ಕಟೆ.

ಹಾಕಿಕೊಳ್ಳುವಾಗಲೇ ಎಡವಿದೆ. ಪೈಥಾನ್ ಇನ್‌ಸ್ಟಾಲ್ ಮಾಡುವಾಗ ಮೊದಲ ಕಿಟಕಿಯಲ್ಲಿ ಕೆಳಗಡೆ 'ಪಾತ್‌ಗೆ ಸೇರಿಸು' ಅಂತ ಒಂದು ಪುಟ್ಟ ಚೌಕ ಇರುತ್ತದೆ, ಅದಕ್ಕೆ ಟಿಕ್ ಹಾಕದೆ ಮುಂದೆ ಹೋದರೆ ಆಮೇಲೆ ಕಮಾಂಡ್ ಹೊಡೆಯುವ ಕಪ್ಪು ಕಿಟಕಿಯಲ್ಲಿ ಪಿಪ್ (ಮಾಡ್ಯೂಲ್ ತಂದು ಹಾಕುವ ಸಾಧನ) ಅಂತ ಹೊಡೆದಾಗ ಅಂಥದ್ದೇನೂ ಇಲ್ಲ ಅನ್ನುತ್ತದೆ, ಪಿಪ್ ಒಳಗೇ ಇದ್ದರೂ. ನಾನು ಪೈಥಾನನ್ನೇ ಎರಡು ಸಲ ಕಿತ್ತು ಮತ್ತೆ ಹಾಕಿದೆ, ಸುಮ್ನೆ. 'ಪೈ ಮೈನಸ್-ಎಂ ಪಿಪ್ ಇನ್‌ಸ್ಟಾಲ್' ಅಂತ ಹೊಡೆದು ಮುಂದೆ ಮಾಡ್ಯೂಲ್ ಹೆಸರು ಹಾಕಿದ್ದರೆ ಅಷ್ಟಕ್ಕೇ ಆಗುತ್ತಿತ್ತು. ಮಾಡ್ಯೂಲ್ ಹೆಸರಿನ ಸ್ಪೆಲ್ಲಿಂಗ್ ಮಾತ್ರ ನೋಡಿಕೊಂಡು ಹೊಡೆಯಿರಿ. ಒಂದಕ್ಷರ ಹೆಚ್ಚುಕಮ್ಮಿ ಮಾಡಿ ಕಳ್ಳ ಮಾಡ್ಯೂಲ್ ಹಾಕಿಡುವವರೂ ಇದ್ದಾರೆ.

ಸ್ಕ್ರಿಪ್ಟ್, ಅಂದರೆ ಪೈಥಾನ್‌ಗೆ ಬರೆದುಕೊಟ್ಟ ಆದೇಶಗಳ ಪಟ್ಟಿ, ಮೂವತ್ತು ಸಾಲು ದಾಟಲಿಲ್ಲ. ಹಾಳೆ ತೆರೆ, ಎರಡನೇ ಸಾಲಿಂದ ಓದುತ್ತಾ ಹೋಗು, ಪ್ರತಿ ರೈತನಿಗೂ ಹೊಸ ಹಾಳೆ ಮಾಡು. ಇಲ್ಲಿ ಸಾಲಿನ ಎಣಿಕೆ 1ರಿಂದಲೇ ಶುರು, ಪೈಥಾನ್ ಪಟ್ಟಿಗಳಂತೆ ಸೊನ್ನೆಯಿಂದಲ್ಲ. ಎಕ್ಸೆಲ್‌ನಲ್ಲಿ ಅದೇ ಫೈಲ್ ತೆರೆದಿಟ್ಟುಕೊಂಡು ಓಡಿಸಿದರೆ ಸೇವ್ ಆಗುವುದಿಲ್ಲ, ಪರ್ಮಿಷನ್ ಎರರ್ ಬರುತ್ತದೆ.

ನನಗೆ ನಿಜವಾಗಿ ಬಿಸಿ ಮುಟ್ಟಿಸಿದ್ದು ಫಾರ್ಮುಲಾ. ಬಾಕ್ಸ್ ಇಂಟು ರೇಟ್ ಅಂತ ಸ್ಕ್ರಿಪ್ಟ್‌ನಿಂದಲೇ ಬರೆಸಿದೆ. ಅದೇ ಫೈಲಿಂದ ಇನ್ನೊಂದು ಸ್ಕ್ರಿಪ್ಟ್ ಮೊತ್ತ ಓದಿದರೆ ಎಲ್ಲಾ ಖಾಲಿ! ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು. ಓಪನ್‌ಪೈಎಕ್ಸೆಲ್ ಫಾರ್ಮುಲಾವನ್ನು ಬರೆದಿಡುತ್ತದೆ ಅಷ್ಟೇ, ಲೆಕ್ಕ ಮಾಡುವುದು ಎಕ್ಸೆಲ್. ಒಂದು ಸಲ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡುವ ತನಕ ಹಾಳೆಯ ಆ ಸೆಲ್‌ನಲ್ಲಿ ಉತ್ತರವೇ ಇರುವುದಿಲ್ಲ. ಈಗ ಗುಣಾಕಾರ ಪೈಥಾನ್‌ನಲ್ಲೇ ಮುಗಿಸಿ ಬರೀ ಅಂಕಿ ಬರೆಸುತ್ತೇನೆ.

ಇನ್ನೊಂದು ಪೆಟ್ಟು ಮಾವನಿಂದ. ಹಾಳೆಯ ನೆತ್ತಿಯ ಮೇಲೆ ಮಂಡಿ ಹೆಸರನ್ನು ಬಣ್ಣದ ರಿಬ್ಬನ್ ಆಕಾರದೊಳಗೆ ಬರೆಸಿದ್ದರು. ನಾನು ಅದೇ ಹೆಸರಿನಲ್ಲಿ ಸೇವ್ ಮಾಡಿದೆ, ರಿಬ್ಬನ್ ಮಾಯ. "ಏನಪ್ಪಾ, ಮಂಡಿ ಹೆಸರೇ ಎತ್ತಿಬಿಟ್ಟೆಯಾ?" ಇಂಥ ಆಕಾರಗಳನ್ನು ಇದು ಓದುವುದಿಲ್ಲ, ಸೇವ್ ಮಾಡಿದರೆ ಹೋಗುತ್ತವೆ ಅಂತ ಇದರ ಕೈಪಿಡಿಯಲ್ಲೇ ಬರೆದಿದ್ದಾರೆ. ಯಾರು ಓದುತ್ತಾರೆ ಅಲ್ವಾ? ಬೇರೆ ಹೆಸರಲ್ಲಿ ಸೇವ್ ಮಾಡಿ, ಮೂಲ ಫೈಲ್ ಮುಟ್ಟಬೇಡಿ.

ಕನ್ನಡದ ವಿಷಯ. ಯೂನಿಕೋಡ್‌ನಲ್ಲಿ (ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿ) ಟೈಪ್ ಮಾಡಿದ ಹೆಸರುಗಳು ಚೆನ್ನಾಗಿಯೇ ಬಂದವು. ಆದರೆ ನಮ್ಮ ಹಳೆಯ ರೈತರ ಪಟ್ಟಿ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲಿತ್ತು. ಎಕ್ಸೆಲ್‌ನಲ್ಲಿ ಮುನಿಯಪ್ಪ ಅಂತ ಕಾಣುವುದು ಪೈಥಾನ್‌ಗೆ ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರಗಳ ರಾಶಿ, ಯಾಕೆಂದರೆ ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಚಿತ್ರ ಕೂರಿಸುತ್ತವೆ. ಹೊಸ ಹಾಳೆಯ ಮುನಿಯಪ್ಪ, ಹಳೆ ಪಟ್ಟಿಯ ಮುನಿಯಪ್ಪ ಇಬ್ಬರೂ ಬೇರೆ ಬೇರೆ ಆಸಾಮಿಗಳಾಗಿ ಕೂತರು. ಪಟ್ಟಿಯನ್ನೆಲ್ಲ ಯೂನಿಕೋಡ್‌ಗೆ ಬದಲಾಯಿಸಿಕೊಂಡ ಮೇಲೆ ಒಂದಾದರು. ಇದರಲ್ಲಿ ಮಾಡ್ಯೂಲ್‌ನ ತಪ್ಪೇನಿಲ್ಲ.

5ಕ್ಕೆ 4 ಕೊಡುತ್ತೇನೆ. ಹಳೇ ಎಕ್ಸ್‌ಎಲ್‌ಎಸ್ ಫೈಲುಗಳನ್ನು ಇದು ತೆರೆಯುವುದೇ ಇಲ್ಲ, ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿಯೇ ಇರಬೇಕು, ಒಂದು ಅಂಕ ಕತ್ತರಿಸಿದ್ದು ಅದಕ್ಕೆ. ಮಾವನ ಬೀರುವಿನ ಪೆನ್‌ಡ್ರೈವ್‌ನಲ್ಲಿ ಅಂಥವೇ ಜಾಸ್ತಿ, ಒಂದೊಂದನ್ನೇ ತೆರೆದು ಸೇವ್ ಆ್ಯಸ್ ಕೊಡುತ್ತಾ ಕೂತಿದ್ದೇನೆ.