ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್: ಟ್ರಾಮಿನಿಂದ ಕಂಡ ಮೂರು ನಗರಗಳು

ಪ್ರಾಗ್‌ನಿಂದ ವಿಯೆನ್ನಾಕ್ಕೆ, ಅಲ್ಲಿಂದ ಬುಡಾಪೆಸ್ಟ್‌ಗೆ ರೈಲಿನಲ್ಲಿ ಸಾಗುತ್ತ, ಹತ್ತು ದಿನಗಳಲ್ಲಿ ನಾನು ಮತ್ತು ನನ್ನ ಪತಿ ಈ ಮೂರು ನಗರಗಳನ್ನು ನೋಡಿ ಬಂದೆವು. ಅವರಿಗೆ ಮೊಣಕಾಲು ನೋವು, ನನಗೆ ಹಳೆಯ ಕಟ್ಟಡಗಳೆಂದರೆ ತೀರದ ಆಸೆ. ಹೀಗಾಗಿ ಒಂದು ಜಾಗಕ್ಕೆ ಹೇಗೆ ತಲುಪಬೇಕು, ಅಲ್ಲಿ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ, ನಡುವೆ ಕೂರಲು ಅವಕಾಶವಿದೆಯೇ ಎಂಬ ಪ್ರಶ್ನೆಗಳನ್ನು ಎಲ್ಲ ಕಡೆಯೂ ಕೇಳಿಕೊಳ್ಳಬೇಕಾಯಿತು. ಈ ವಿಮರ್ಶೆಯೂ ಅದೇ ದೃಷ್ಟಿಯಿಂದ ಬರೆದದ್ದು.

ಪ್ರಾಗ್‌ನಲ್ಲಿ ನಮಗೆ ಅತ್ಯಂತ ಉಪಯುಕ್ತವಾದದ್ದು 22ನೇ ಸಂಖ್ಯೆಯ ಟ್ರಾಮ್. ವಲ್ಟಾವಾ ನದಿಯನ್ನು ದಾಟಿ, ಹಳೆಯ ಬಡಾವಣೆಯ ಇಕ್ಕಟ್ಟಾದ ಬೀದಿಗಳಲ್ಲಿ ನುಸುಳಿ, ಬಳಸುದಾರಿಯಲ್ಲಿ ಗುಡ್ಡವೇರಿ ಅದು ಕೋಟೆಯ ಹತ್ತಿರಕ್ಕೇ ತಂದು ಬಿಡುತ್ತದೆ. ಕೆಳಗಿನಿಂದ ಮೆಟ್ಟಿಲು ಹತ್ತುವ ಶ್ರಮ ತಪ್ಪುತ್ತದೆ. ಕಾಗದದ ಟಿಕೆಟ್ ಕೊಂಡರಷ್ಟೇ ಸಾಲದು, ಹತ್ತಿದೊಡನೆ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು, ಇಲ್ಲವಾದರೆ ದಂಡ ತೆರಬೇಕಾಗುತ್ತದೆ. ಕೋಟೆಯೊಳಗಿನ ಸಂತ ವೀಟಸ್ ಕೆಥೆಡ್ರಲ್‌ನ ಕೆಲಸ 1344ರಲ್ಲಿ ಆರಂಭವಾಗಿ 1929ರಲ್ಲಿ ಮುಗಿಯಿತು. ಅಷ್ಟು ತಲೆಮಾರುಗಳ ಕೆಲಸ ಒಂದೇ ಸೂರಿನಡಿ ಇರುವುದನ್ನು, ಅದರಲ್ಲೂ ಚೆಕ್ ಕಲಾವಿದ ಆಲ್ಫೋನ್ಸ್ ಮೂಖಾ ರೂಪಿಸಿದ ಬಣ್ಣದ ಗಾಜಿನ ಕಿಟಕಿಯನ್ನು, ಬೆಂಚಿನಲ್ಲಿ ಕುಳಿತು ನೋಡಿದ ಮುಕ್ಕಾಲು ಗಂಟೆ ನಮ್ಮಿಬ್ಬರಿಗೂ ತೃಪ್ತಿ ಕೊಟ್ಟಿತು. ಹಳೆಯ ನಗರದ ಚೌಕದಲ್ಲಿರುವ 1410ರ ಖಗೋಳ ಗಡಿಯಾರದ ಮುಂದೆ ಗಂಟೆಗೊಮ್ಮೆ ನೆರೆಯುವ ಜನಜಂಗುಳಿಯಲ್ಲಿ ನಿಲ್ಲುವುದು ಮಾತ್ರ ಮೊಣಕಾಲು ನೋವಿರುವವರಿಗೆ ತಕ್ಕುದಲ್ಲ. ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುವ ಗೊಂಬೆಗಳ ಮೆರವಣಿಗೆಗಿಂತ, ಸೂರ್ಯ ಚಂದ್ರರ ಸ್ಥಾನವನ್ನು ತೋರಿಸುವ ಆ ಗಡಿಯಾರದ ಮುಖವನ್ನು ಗಂಟೆ ಹೊಡೆಯುವ ಸಮಯ ಬಿಟ್ಟು ಬಂದು ನಿಧಾನವಾಗಿ ನೋಡುವುದೇ ಮೇಲು.

ವಿಯೆನ್ನಾದಲ್ಲಿ ಒಂದು ಖಾಸಗಿ ಸಂಸ್ಥೆಯ ಪ್ರವಾಸಿ ಬಸ್ಸಿಗೆ ಹಣ ತೆತ್ತು ನಿರಾಶರಾದೆವು. ಕಿವಿಗೆ ಕೇಳಿಸುವ ವಿವರಣೆ ಬಸ್ಸಿಗಿಂತ ಎರಡು ಕಟ್ಟಡ ಹಿಂದೆ ಉಳಿದಿರುತ್ತಿತ್ತು. ಇಳಿದು ನೋಡಿ ಮುಂದಿನ ಬಸ್ಸಿಗಾಗಿ ಬಿಸಿಲಿನಲ್ಲಿ ನಲವತ್ತು ನಿಮಿಷ ನಿಂತದ್ದು ಪತಿಗೆ ಬಹಳ ಕಷ್ಟವಾಯಿತು. ಆ ಬಸ್ಸು ಸುತ್ತಿದ, ಹಳೆಯ ನಗರವನ್ನು ಬಳಸಿ ಹೋಗುವ ರಿಂಗ್‌ಸ್ಟ್ರಾಸೆ ಎಂಬ ಅದೇ ಬೀದಿಯನ್ನು ಮರುದಿನ ನಗರದ ಸಾಮಾನ್ಯ ಟ್ರಾಮಿನಲ್ಲಿ ಸುತ್ತಿದೆವು. 1857ರಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ನಗರದ ಹಳೆಯ ಗೋಡೆಗಳನ್ನು ಕೆಡವಲು ಆಜ್ಞೆ ಮಾಡಿದ ಮೇಲೆ ತಲೆಯೆತ್ತಿದ ಈ ವಿಶಾಲ ಬೀದಿಯಲ್ಲಿ ಒಪೆರಾ, ಸಂಸತ್ತು, ಪುರಭವನ, ವಿಶ್ವವಿದ್ಯಾಲಯ ಒಂದಾದ ಮೇಲೊಂದರಂತೆ ಕಿಟಕಿಯಲ್ಲಿ ಹಾದುಹೋಗುತ್ತವೆ. ಒಂದೇ ಟ್ರಾಮ್ ಪೂರ್ತಿ ಸುತ್ತು ಹಾಕುವುದಿಲ್ಲವಾದ್ದರಿಂದ 1 ಮತ್ತು 2ನೇ ಮಾರ್ಗಗಳ ನಡುವೆ ಬದಲಾಯಿಸಬೇಕು, ಅಷ್ಟೆ. ಷೋನ್‌ಬ್ರುನ್ ಅರಮನೆಗೆ ಸಮಯ ನಿಗದಿಯಾದ ಟಿಕೆಟನ್ನು ಮೊದಲೇ ಕಾದಿರಿಸಿದ್ದು ಒಳ್ಳೆಯದಾಯಿತು. 1,441 ಕೋಣೆಗಳಲ್ಲಿ ನೋಡಲು ಸಿಗುವುದು ಸುಮಾರು ನಲವತ್ತು ಮಾತ್ರ, ಆದರೆ ಅಷ್ಟಕ್ಕೇ ಕಣ್ಣು ತುಂಬುತ್ತದೆ. ಧ್ವನಿಮಾರ್ಗದರ್ಶಿಯನ್ನು ಇಬ್ಬರೂ ಒಟ್ಟಿಗೆ ಒತ್ತುವ ಅಭ್ಯಾಸ ಮಾಡಿಕೊಂಡ ಮೇಲೆ, 1762ರಲ್ಲಿ ಆರು ವರ್ಷದ ಸಂಗೀತಗಾರ ಮೊಜಾರ್ಟ್ ಮಹಾರಾಣಿ ಮರಿಯಾ ಥೆರೆಸಾಳ ಎದುರು ನುಡಿಸಿದ ಪ್ರಸಂಗವನ್ನು ಒಂದೇ ಕ್ಷಣದಲ್ಲಿ ಕೇಳಿ ಪರಸ್ಪರ ಮುಖ ನೋಡಿಕೊಂಡೆವು.

ಮೂರರಲ್ಲಿ ನನ್ನ ಮೆಚ್ಚುಗೆ ಬುಡಾಪೆಸ್ಟ್‌ಗೆ. ಅಲ್ಲಿನ ಸಂಸತ್ ಭವನಕ್ಕೆ ಮಾರ್ಗದರ್ಶಕರೊಂದಿಗೇ ಹೋಗಬೇಕು. ಭೇಟಿ ಸುಮಾರು ಮುಕ್ಕಾಲು ಗಂಟೆಯದು. ದೇಶದ ಸ್ಥಾಪನೆಯ ವರ್ಷವೆಂದು ಭಾವಿಸುವ 896ನ್ನು ನೆನಪಿಸುವಂತೆ ಗುಮ್ಮಟದ ಎತ್ತರವನ್ನು 96 ಮೀಟರ್ ಇಟ್ಟಿದ್ದಾರೆ. ಗುಮ್ಮಟದ ಕೆಳಗೆ ಕಾವಲುಗಾರರ ನಡುವೆ ಸಂತ ಸ್ಟೀಫನ್ನನ ಕಿರೀಟವಿದೆ, ಅಲ್ಲಿ ಛಾಯಾಚಿತ್ರ ತೆಗೆಯುವಂತಿಲ್ಲ. ಪತಿಯ ಮನಸ್ಸಿನಲ್ಲಿ ಉಳಿದದ್ದು ಸಭಾಂಗಣದ ಹೊರಗಿನ ಕಿಟಕಿಗಳ ಬಳಿ ಇರುವ, ಸಂಖ್ಯೆ ಕೊರೆದ ಹಿತ್ತಾಳೆಯ ಸಿಗಾರ್ ತಟ್ಟೆಗಳು. ಸದಸ್ಯರು ಸಿಗಾರನ್ನು ಅಲ್ಲಿಟ್ಟು ಒಳಗೆ ಹೋಗಿ, ಬಂದ ಮೇಲೆ ತಮ್ಮದನ್ನೇ ಎತ್ತಿಕೊಳ್ಳುವ ಏರ್ಪಾಡದು.

ಅಲ್ಲಿಂದ ಡ್ಯಾನ್ಯೂಬ್ ದಂಡೆಯಲ್ಲಿ ಸ್ವಲ್ಪ ದೂರ ನಡೆದರೆ ಕಬ್ಬಿಣದ ಅರವತ್ತು ಜೊತೆ ಚಪ್ಪಲಿ, ಬೂಟುಗಳ ಸ್ಮಾರಕವಿದೆ. 1944–45ರಲ್ಲಿ ಹಂಗೆರಿಯ ನಾಜಿ ಪರ ಪಕ್ಷವಾದ ಆ್ಯರೋ ಕ್ರಾಸ್‌ನ ಪಡೆಯವರು ಯಹೂದಿಗಳಿಂದ ಪಾದರಕ್ಷೆ ಬಿಚ್ಚಿಸಿ, ನದಿಯ ಅಂಚಿನಲ್ಲಿ ನಿಲ್ಲಿಸಿ ಗುಂಡಿಕ್ಕಿದ್ದರ ನೆನಪಿಗೆ 2005ರಲ್ಲಿ ಇದನ್ನು ನಿರ್ಮಿಸಲಾಯಿತು. ಅವುಗಳಲ್ಲಿ ಮಕ್ಕಳ ಪುಟ್ಟ ಬೂಟುಗಳೂ ಇವೆ. ಟಿಕೆಟಿಲ್ಲ, ಕಾವಲಿಲ್ಲ. ನಾವಿಬ್ಬರೂ ಅಲ್ಲಿ ಒಂದು ಮಾತನ್ನೂ ಆಡಲಿಲ್ಲ, ಕ್ಯಾಮೆರಾವನ್ನೂ ಹೊರತೆಗೆಯಲಿಲ್ಲ.

ಇದೇ ದಂಡೆಯ ಮೇಲೆ 2ನೇ ಸಂಖ್ಯೆಯ ಟ್ರಾಮ್ ಓಡುತ್ತದೆ. 72 ಗಂಟೆಗಳ ಪಾಸ್ ತೆಗೆದುಕೊಂಡರೆ ಇದರಲ್ಲೂ, 1896ರಿಂದ ಓಡುತ್ತಿರುವ ಹಳದಿ ಮಾರ್ಗದ ಮೆಟ್ರೋದಲ್ಲೂ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ಕತ್ತಲಾದ ಮೇಲೆ ನದಿಯ ಕಡೆಯ ಆಸನ ಹಿಡಿಯುವುದು ಒಳ್ಳೆಯದು; ಚೈನ್ ಬ್ರಿಡ್ಜ್ ಮತ್ತು ಎದುರು ದಂಡೆಯ ಬುಡಾ ಕೋಟೆ ದೀಪಗಳಲ್ಲಿ ಬೆಳಗುತ್ತವೆ. ಕೊನೆಯ ರಾತ್ರಿ ಪಾಸಿನ ಅವಧಿ ಮುಗಿಯಲು ಇನ್ನೂ ಒಂದು ಗಂಟೆಯಿತ್ತು. ಕೊನೆಯ ನಿಲ್ದಾಣದಲ್ಲಿ ಇಳಿದ ಮೇಲೆ, ಮೊಣಕಾಲು ನೋವಿನ ನನ್ನ ಪತಿಯೇ ಎದುರಿನ ಟ್ರಾಮಿನತ್ತ ಕೈ ತೋರಿಸಿ, ಇನ್ನೊಂದು ಸಲ ಹೋಗಿ ಬರೋಣವೇ ಎಂದು ಕೇಳಿದರು.