ಟೈರಿನ ಸೈಡ್‌ವಾಲ್ ನೋಡದೆ ಕಾಡುದಾರಿಗೆ ಇಳಿಯಬೇಡಿ

ಕಳೆದ ತಿಂಗಳು ಅಪ್ಪನೂ ನಾನೂ ಜನಸಂಚಾರವಿಲ್ಲದ ದಾರಿಯಲ್ಲಿ ಒಂದು ಇಡೀ ರಾತ್ರಿ ಸಿಕ್ಕಿಬಿದ್ದೆವು. ಆ ಪಾಡು ಇನ್ನೊಬ್ಬರಿಗೆ ಬರಬಾರದೆಂದು ಬರೆಯುತ್ತಿದ್ದೇನೆ.

ಟೈರ್ ಕೊಳ್ಳುವಾಗ ನಾನು ನೋಡಿದ್ದು ಗ್ರಿಪ್ ಒಂದನ್ನೇ. ಹೆಬ್ಬೆರಳಿನ ಉಗುರು ಪೂರ್ತಿ ಮುಳುಗುವಷ್ಟು ಆಳವಿತ್ತು. ‘ಎಲ್ಲ ದಾರಿಗೂ ಆಗುತ್ತದೆ’ ಎಂದು ಅಂಗಡಿಯವರು ಹೇಳಿದರು, ನಂಬಿದೆ. ಅದರ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ ಮಾತ್ರ ಕಾರಿನ ಟೈರಿನಷ್ಟೇ ತೆಳು.

ಮರಳಿನಲ್ಲಿ ಗಾಳಿಯನ್ನು 18 ಪಿಎಸ್‌ಐಗೆ ಇಳಿಸಿದ್ದೆ. ಅದು ಸರಿಯೇ, ಗಾಳಿ ಕಡಿಮೆಯಾದರೆ ಟೈರ್ ಹರಡಿಕೊಂಡು ಹೂತುಹೋಗದೆ ಸಾಗುತ್ತದೆ. ಆದರೆ ಮರಳು ಮುಗಿದು ಕಲ್ಲುದಾರಿ ಶುರುವಾದ ಮೇಲೂ ಗಾಳಿ ತುಂಬಲಿಲ್ಲ. ಗಾಳಿ ತುಂಬುವ ಕಂಪ್ರೆಸರ್ ಗಾಡಿಯ ಹಿಂಬದಿಯಲ್ಲೇ ಇತ್ತು. ಇಳಿಯಲು ಬೇಸರ, ಅಷ್ಟೇ. ಉಬ್ಬಿ ಹೊರಚಾಚಿದ್ದ ಸೈಡ್‌ವಾಲನ್ನು ಒಂದು ಚೂಪುಗಲ್ಲು ಸೀಳಿತು. ರಿಮ್ಮಿನಿಂದ ಎರಡು ಬೆರಳು ಕೆಳಗೆ ಬೆರಳುದ್ದದ ಗಾಯ, ಒಳಗಿನ ನೂಲುಗಳು ಹರಿದ ಗೋಣಿಚೀಲದ ಅಂಚಿನಂತೆ ಹೊರಬಂದಿದ್ದವು. ಪಂಕ್ಚರ್ ಕಿಟ್‌ನಿಂದ ತೂತು ಮುಚ್ಚುವ ಮೂರು ರಬ್ಬರ್ ಬತ್ತಿ ತುರುಕಿದೆ. ಗಾಳಿ ಹಿಡಿದೊಡನೆ ಮೂರೂ ಹೊರಗೆ ಬಂದವು. ಸೈಡ್‌ವಾಲ್ ಪ್ರತಿ ಸುತ್ತಿಗೂ ಬಾಗುವ ಜಾಗ, ಅಲ್ಲಿ ಬತ್ತಿ ನಿಂತರೂ ನಂಬಿ ಓಡಿಸುವಂತಿಲ್ಲ.

ಸ್ಟೆಪ್ನಿ ಇಳಿಸಿದೆ. ಅದರ ಸೈಡ್‌ವಾಲ್ ಮೇಲಿನ ತಯಾರಿಕೆಯ ಸಂಕೇತದ ಕೊನೆಯ ನಾಲ್ಕು ಅಂಕಿ 2313, ಅಂದರೆ 2013ರ 23ನೇ ವಾರ. ಒಮ್ಮೆಯೂ ಓಡದಿದ್ದರೂ ರಬ್ಬರ್ ಒಣಗಿ ಬಿರುಕುಬಿಟ್ಟಿತ್ತು. ನಿಧಾನವಾಗಿಯೇ ಓಡಿಸಿದೆ, ಏಳು ಕಿಲೋಮೀಟರಿಗೆ ಪದರ ಕಿತ್ತುಬಂತು.

ಎರಡು ಲೀಟರ್ ನೀರು ಉಳಿದಿತ್ತು. ಅಪ್ಪ ಒಂದು ಗುಟುಕೂ ಕುಡಿಯದೆ ಬಾಟಲಿಯನ್ನು ನನ್ನ ಕಡೆಗೇ ಸರಿಸುತ್ತಿದ್ದರು. ಅದು ನನಗೆ ಇನ್ನೂ ನಿದ್ದೆಗೆಡಿಸುತ್ತದೆ. ಬೆಳಿಗ್ಗೆ ಒಂದು ಸರಕುವಾಹನ ಬಂತು, ಬದುಕಿದೆವು.

ಕಲ್ಲುದಾರಿಗೆ ಹೋಗುವವರು ಅಳತೆಯ ಜೊತೆ ‘ಎಲ್‌ಟಿ’ (ಲೈಟ್ ಟ್ರಕ್) ಎಂದಿರುವ, ಹೆಚ್ಚು ಪದರದ ಗಟ್ಟಿ ಟೈರನ್ನೇ ಕೊಳ್ಳಿ. ಅಷ್ಟೇ ಭಾರಕ್ಕೆ ಅದಕ್ಕೆ ಸ್ವಲ್ಪ ಹೆಚ್ಚು ಗಾಳಿ ಬೇಕಾಗುತ್ತದೆ, ಗಾಡಿಯ ಬಾಗಿಲ ಬಳಿ ಅಂಟಿಸಿರುವ ಗಾಳಿಯ ಚೀಟಿಯ ಲೆಕ್ಕವನ್ನು ಕಣ್ಣುಮುಚ್ಚಿ ಅನುಸರಿಸಬೇಡಿ. ಸ್ಟೆಪ್ನಿಯೂ ಅದೇ ಅಳತೆಯದ್ದಾಗಿರಲಿ. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿಯಲ್ಲಿ ಒಂದು ಚಕ್ರ ಸಣ್ಣದಾದರೆ ಗೇರುಗಳಿಗೇ ಪೆಟ್ಟು. ತಯಾರಾದ ವಾರ, ವರ್ಷ ಹಲವು ಟೈರುಗಳಲ್ಲಿ ಒಂದೇ ಬದಿಗೆ ಇರುತ್ತದೆ. ಹೊರಗೆ ಕಾಣದಿದ್ದರೆ ಗಾಡಿಯಡಿ ಬಗ್ಗಿ ಟಾರ್ಚ್ ಹಿಡಿದು ಓದಿ. ಸ್ಟೆಪ್ನಿಯದನ್ನು ಇವತ್ತೇ ಓದಿ.